ಚೆಕ್ಕಿಂಗು

ಏಳುನೂರು ಬೀಡಿಗೆ ಎರಡು ಟಿಕೇಟು.
ಬಾಲ್ಕನಿಯಲ್ಲ, ಕೆಳಗೆ, ಕಂಬದ ಹಿಂದೆ.
ಲೆಕ್ಕ ವಾರಿಜಳದ್ದು. ಮನೆಯ ಪಾಲಿಗೆ ಹೊರತಾಗಿ
ದಿನಕ್ಕೆ ನೂರು ಹೆಚ್ಚು ಸುತ್ತಬೇಕು.
"ಇವತ್ತಿನ ನೂರಕ್ಕೆ ಹೀರೋನ ಕಾಲು,
ನಾಳೆಯದ್ದಕ್ಕೆ ಸೊಂಟ,
ಶುಕ್ರವಾರದೊಳಗೆ ಮುಖ ಕಾಣ್ತದೆ, ನೋಡು ಮಾರಾಯ್ತಿ."

ಹಂಪನಕಟ್ಟೆಯ ಆ ಟಾಕೀಸು ಈಗ ಇಲ್ಲ.
ಪರದೆ ಇದ್ದ ಜಾಗದಲ್ಲಿ ಡಬ್ಬಲ್ ಮಂಚ ಮಾರುತ್ತಾರೆ,
ಕಂತಿನಲ್ಲಿ ಸಿಗ್ತದಂತೆ.

ಮೊನ್ನೆ ತಂಗಿಯ ಮಗಳು ನಿಶ್ಮಿತಾ
ಟೀವಿಯಲ್ಲಿ ಹುಡುಕಿ ಹಾಕಿಕೊಟ್ಟಳು:
"ನಿನ್ನ ಫೇವರಿಟ್ ಅಲ್ವ ದೊಡ್ಡಮ್ಮ?"
ಬಣ್ಣ ಮಾಸಿ ಎಲ್ಲ ಗುಲಾಬಿ.
ಸಮುದ್ರ ಗುಲಾಬಿ, ತೆಂಗು ಗುಲಾಬಿ,
ಹೀರೋನ ಮೀಸೆಯೂ ಸ್ವಲ್ಪ.
ನಾನು ಬ್ರಾಂಚಿನ ಚೆಕ್ಕರನ ಹಾಗೆ ಕೂತೆ:
ಕಟ್ಟು ಬಿಚ್ಚುವುದು, ಬೆರಳಲ್ಲಿ ಒತ್ತುವುದು,
ಸಡಿಲವಾದ್ದನ್ನು ಮುರಿದು ಬಿಸಾಡುವುದು.

ಹುಡುಗಿಯ ಸೈಕಲಿನ ಗಾಳಿ ತೆಗೆದ.
ಮುರಿದೆ.
ಹಾಸ್ಟೆಲಿನ ಪಾಗಾರ ಹತ್ತಿ ಅವಳ ಹೆಸರು ಕೂಗಿದ.
ಮುರಿದೆ.
ಅವಳು ಕೆನ್ನೆಗೆ ಕೊಟ್ಟಳು, ಅದೇ ಕೆನ್ನೆ ಸವರಿಕೊಂಡು ಹಾಡಿದ.
ಹಾಡು ಚಂದವೇ ಉಂಟು. ಅದನ್ನು ಬದಿಗಿಟ್ಟೆ.

ಮತ್ತೆ ಆ ಮುದುಕಿ!
ಬಸ್ಸಿನಲ್ಲಿ ಕಂಡಕ್ಟರ ಎಂಟಾಣೆ ಬಾಕಿ ಇಟ್ಟದ್ದು,
ಇಡೀ ಪಿಕ್ಚರು ಅವನ ಬೆನ್ನಿಗೇ ಬೀಳುತ್ತಾಳೆ.
ಅವನ ನಿಶ್ಚಿತಾರ್ಥಕ್ಕೆ, ಆಸ್ಪತ್ರೆಗೆ,
ಕೊನೆಯ ಫೈಟಿಂಗಿನಲ್ಲಿ ಮುರಿದ ಕುರ್ಚಿಗಳ ನಡುವಿನಿಂದ
ಕೊಡೆ ಎತ್ತಿ: "ನನ್ನ ಎಂಟಾಣೆ?"
ನಿಶ್ಮಿತಾ ಬಿದ್ದು ಬಿದ್ದು ನಕ್ಕಳು. ನಾನೂ.
ಆ ಒಂದು ಬೀಡಿ ಇನ್ನೂ ಗಟ್ಟಿ.

ಆಮೇಲೆ ಅವಳು ಟೀವಿ ನಿಲ್ಲಿಸಿ ಕೇಳಿದಳು:
"ಅವನು ಹೀಗೆ ಹಿಂದೆ ಹಿಂದೆ ಹೋಗುವಾಗ
ನೀವೆಲ್ಲ ನಗ್ತಾ ಇದ್ದದ್ದಾ?"
ಆಗ ಹಾಗೇ ಇತ್ತು ಮಗಾ, ಅಂತ ಬಾಯಿಗೆ ಬಂತು.
ಎಲೆಯೇ ಒದ್ದೆ ಇತ್ತು ಅಂತ ನಾವು ಹೇಳಿದರೆ
ಚೆಕ್ಕರ ಯಾವತ್ತಾದರೂ ಕೇಳಿದ್ದುಂಟಾ?

ಪರದೆಯಲ್ಲಿ ನಿಂತಿದ್ದವಳು ಹೀರೋಯಿನ್ನಿನ ಗೆಳತಿ.
ಎರಡು ಜಡೆ, ದಪ್ಪ ಕನ್ನಡಕ,
ಪಿಕ್ಚರಿನಲ್ಲಿ ಅವಳಿಗೊಂದು ಹೆಸರೂ ಇಲ್ಲ.
ಹೀರೋಗೆ ಬಸ್ಸಿನ ಟೈಮು ಹೇಳಿಕೊಟ್ಟು
ನಮ್ಮ ಕಡೆಗೆ ತಿರುಗಿ ಕಣ್ಣು ಹೊಡೆಯುತ್ತಾಳೆ.
ನನ್ನ ಬಣ್ಣಕ್ಕೆ, ನನ್ನ ಹಲ್ಲಿಗೆ
ಹೀರೋಯಿನ್ ಆಗುವ ಆಸೆ ಬರಲಿಲ್ಲ.
ನನಗೆ ಬೇಕಾಗಿದ್ದದ್ದು ಅವಳ ಪಾರ್ಟು.

ಸಿಕ್ಕಿತು.
ಲೇತಿನ ಪುರಂದರ ಕೇಳಿದ, ವಾರಿಜ ಯಾವ ಬಸ್ಸಿಗೆ ಹೋಗುವುದು?
"ಐದೂಕಾಲಿನದ್ದು. ಹಿಂದಿನ ಬಾಗಿಲು."
ಕಣ್ಣೂ ಹೊಡೆದೆ.

ಎರಡು ವಾರ ಕಳೆದು ಅವಳು ಬಸ್ಸು ಬಿಟ್ಟಳು.
ಜೆಪ್ಪುವಿನಿಂದ ರೈಲು ಹಳಿ ಹಿಡಿದು,
ತಲೆಯ ಮೇಲೆ ತಡ್ಪೆ, ಅದಕ್ಕೆ ಪ್ಲಾಸ್ಟಿಕ್ ಮುಚ್ಚಿ,
ನಡೆದೇ ಬರುತ್ತಿದ್ದಳು ಬ್ರಾಂಚಿಗೆ.
ಮುಂದಿನ ಪಿಕ್ಚರಿಗೆ ದುಡ್ಡು ಉಳಿಸುತ್ತಾಳೆ ಅಂದುಕೊಂಡೆ.
ಆಟಿ ಕಳೆದ ಕೂಡಲೇ ಮದುವೆ, ಕುಂದಾಪುರದ ಕಡೆಗೆ.
ಎಂತ ಅವಸರ ಅಂತ ನಾನು ಕೇಳಲಿಲ್ಲ.

ರಾತ್ರಿ ಫೋನು ಮಾಡಿದೆ.
"ಆ ಪಿಕ್ಚರು ಬಂತು ಟೀವಿಯಲ್ಲಿ."
"ಯಾವುದು? ಓ, ಅದಾ.
ಮೂರು ಸಲ ಹೋದದ್ದಲ್ವ ನಾವು.
ನಾನು ನಕ್ಕದ್ದು ನಿನ್ನ ಮುಖ ನೋಡಿ."

ಆಗ ಹೇಳಿಬಿಟ್ಟೆ, ಬಸ್ಸಿನ ಟೈಮು, ಹಿಂದಿನ ಬಾಗಿಲು,
ಎಲ್ಲ, ಕಣ್ಣು ಹೊಡೆದದ್ದೂ.
ಆ ಕಡೆ ನಲ್ಲಿ ಬಿಟ್ಟೇ ಇತ್ತು,
ಯಾವುದೋ ಪಾತ್ರೆ ತುಂಬಿ ಹೊರಗೆ ಹರಿಯುವ ಸದ್ದು.
ಆಮೇಲೆ ನಲ್ಲಿ ನಿಂತಿತು.
ಆಮೇಲೆ, ಅದೇ ಮುದುಕಿಯ ಸ್ವರ ತೆಗೆದು,
ನಿಧಾನಕ್ಕೆ, ವಾರಿಜ:
"ನನ್ನ ಎಂಟಾಣೆ?"

ನಗಬೇಕಾ ಬೇಡವಾ ತಿಳಿಯದೆ
ಫೋನನ್ನು ಕಿವಿಗೆ ಒತ್ತಿ ಹಿಡಿದೆ.
ಈ ಸಲ ನೋಡಲಿಕ್ಕೆ ಅವಳ ಮುಖ ಇರಲಿಲ್ಲ.